ದುಭಾಷಿಯ ದಿನಗೂಲಿ

ಪ್ರಶ್ನೆಗಳು ನಲವತ್ತೆರಡು.
ಇಳಿತ ಇನ್ನು ಎರಡೇ ತಾಸು.
ತದಡಿಯ ಧಕ್ಕೆಯಲ್ಲಿ ದೋಣಿ ಹತ್ತುವಾಗಲೇ
ಎಲೋಡಿ ಮೇಡಮ್ಮಿನ ಬಿಳಿ ಬೂಟಿಗೆ ಕೆಸರು.
ಪಾಪ, ಒಳ್ಳೆಯ ಹುಡುಗಿ,
ನೀರಿನ ಬಾಟಲಿ ಕೂಡ ಸ್ಟೀಲಿನದೇ ತಂದಿದ್ದಳು.

ನಾನು ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದೆ
ಇಂಗ್ಲಿಷ್ ಮಾತಾಡಲು ಕಲಿಸುವವಳು.
ಆ ಒಂದು ದಿನಕ್ಕೆ, ಎರಡೂವರೆ ಸಾವಿರಕ್ಕೆ,
ಎರಡು ನಾಲಿಗೆಯವಳು.

ತುಳಸು ಅಂಬಿಗ ಸೊಂಟಮಟ್ಟ ನೀರಲ್ಲಿ ನಿಂತು
ಕಾಲಿನಿಂದ ನೋಡುತ್ತಿದ್ದಳು.
ಹಾಗೆಯೇ ಅದು: ಹಿಮ್ಮಡಿ ಹುಡುಕುತ್ತದೆ,
ಹೆಬ್ಬೆರಳು ಗುರುತು ಹಿಡಿಯುತ್ತದೆ,
ಆಮೇಲೆ ಬಾಗು, ಕೈ, ಉಸಿರು,
ತೇಲುವ ಅಲ್ಯೂಮಿನಿಯಂ ಬೋಗುಣಿಯಲ್ಲಿ ಠಣ್.
ಮಾಂಸ ಪೇಟೆಗೆ, ಚಿಪ್ಪು ಏಜೆಂಟನ ಚೀಲಕ್ಕೆ.
ಚಿಪ್ಪಿನ ಒಳಮೈಯ ಹೊಳಪನ್ನು
ಉಗುರಿಗಿಂತ ತೆಳ್ಳಗೆ ಕೊರೆದು
ಎಲ್ಲೋ ಹಿಮ ಬೀಳುವ ಊರಲ್ಲಿ
ಕೈಗಡಿಯಾರಕ್ಕೆ ಮುಖ ಮಾಡುತ್ತಾರೆ.

ಪ್ರಶ್ನೆ ಹನ್ನೊಂದು: ಕೈಗವಸು ಕೊಟ್ಟಿದ್ದಾರೆಯೇ?
"ಕೊಟ್ಟಿದ್ರು. ಒಲೆ ಮೇಲಿನ ಪಾತ್ರೆ ಇಳ್ಸೂಕೆ ಅಡ್ಡಿಲ್ಲ."
ಮೂವರೂ ನಕ್ಕೆವು.
ತುಳಸುವಿನ ಕೈಯಾಡಿಕೆ ನೋಡಿಯೇ ಎಲೋಡಿಗೆ ತಿಳಿದಿತ್ತು,
ನಗುವಿಗೆ ನನ್ನ ಕೂಲಿ ಬೇಕಾಗಲಿಲ್ಲ.

ಹತ್ತೊಂಬತ್ತರಲ್ಲಿ ಸಿಕ್ಕಿಬಿದ್ದೆ.
ಸಸ್ಟೇನೆಬಿಲಿಟಿ.
ಸುಸ್ಥಿರತೆ, ಎಂದೆ. ತುಳಸು ನನ್ನ ಬಾಯನ್ನೇ ನೋಡಿದಳು,
ಬಲೆಗೆ ಹೊಸ ಜಾತಿಯ ಮೀನೇನೋ ಬಿತ್ತೆಂಬಂತೆ.
ಸಣ್ಣವನ್ನು ಬಿಡ್ತೀರಾ, ಎಂದು ಬಿಡಿಸಿ ಕೇಳಿದೆ.
"ಬಿಡೂದೇ ಸೈ. ಬಿಡದಿದ್ರೆ ಬರೂ ವರ್ಷ ಎಂತ ತಿನ್ನೂದು?
ಆದ್ರೆ ಸಂಘದ ಕಂತು ಬುಧವಾರ.
ಮಂಗಳವಾರ ಕೈಗೆ ಸಿಕ್ಕಿದ್ದಕ್ಕೆ
ಸಣ್ಣದು ದೊಡ್ಡದು ಇಲ್ಲ, ಅಕ್ಕೋರೆ."

ಎಲೋಡಿಯ ಪೆನ್ನು ಕಾಯುತ್ತಿತ್ತು.
ಹೌದು ಎಂದರೆ ಚೀಲಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು,
ಇಲ್ಲ ಎಂದರೆ ಬೇರೆ ನದಿ, ಬೇರೆ ದೇಶ.
ನಾನು ವಾರದಿಂದ ಮಂಗಳವಾರವನ್ನು
ಮುಳ್ಳು ತೆಗೆದಂತೆ ತೆಗೆದು
"ಬಿಡುತ್ತಾರಂತೆ" ಎಂದೆ.
ಇಂಗ್ಲಿಷಿನಲ್ಲಿ ಅದು ಇನ್ನೂ ಸಲೀಸು.

ಆಗ ತುಳಸು ಕೇಳಿದಳು, ಫಾರಮ್ಮಿನಲ್ಲಿ ಇಲ್ಲದ್ದು:
"ಆ ಗಡಿಯಾರಕ್ಕೆ ಎಷ್ಟಂತೆ?"
ಎಲೋಡಿ ಹೇಳಿದಳು, ಮುಚ್ಚಿಡದೆ, ಕಿವಿ ಕೆಂಪಾಗಿ.
ನಾನು ಮನಸ್ಸಲ್ಲೇ ರೂಪಾಯಿಗೆ ತಿರುಗಿಸಿದೆ,
ಸೊನ್ನೆಯ ಪಕ್ಕ ಸೊನ್ನೆ, ಕಾಲಡಿಯ ಚಿಪ್ಪಿನ ಹಾಗೆ.
"ಅವಳಿಗೂ ಗೊತ್ತಿಲ್ಲವಂತೆ."
ಅತ್ತ ಒಂದು, ಇತ್ತ ಒಂದು.
ತಕ್ಕಡಿ ಸಮ ಆಯಿತು ಅಂದುಕೊಂಡೆ.

ನೀರು ತುಳಸುವಿನ ಎದೆಗೆ ಬಂತು.
"ಹನ್ನೊಂದಾಯ್ತು," ಎಂದಳು.
ಎಲೋಡಿ ಮಣಿಕಟ್ಟು ನೋಡಿಕೊಂಡಳು: ಹನ್ನೊಂದು.
ಉಳಿದ ಇಪ್ಪತ್ತಮೂರು ಪ್ರಶ್ನೆಗೆ
ದೋಣಿಯಲ್ಲೇ ಕೂತು ಟಿಕ್ ಹಾಕಿದೆವು.
ನನ್ನ ಕೂಲಿ ಲಕೋಟೆಯಲ್ಲಿ ಬಂತು,
ಮರುಬಳಕೆಯ ಕಾಗದ, ಮೂಲೆಯಲ್ಲೊಂದು ಹಸಿರು ಎಲೆ.

ಮಳೆಗಾಲ ಕಳೆದು ವರದಿ ಬಂತು.
ಒಂಬತ್ತನೆಯ ಪುಟದಲ್ಲಿ ತುಳಸುವಿನ ಕೈ, ಕೈ ಮಾತ್ರ,
ಸುತ್ತ ಬಿಳಿ ಜಾಗ ಧಾರಾಳ.
ಒಯ್ದು ತೋರಿಸಿದೆ. ಹಿತ್ತಲಲ್ಲಿ ಚಿಪ್ಪು ಬೇಯುತ್ತಿತ್ತು.
ಅವಳು ತನ್ನ ಕೈಯನ್ನು ಪುಟದ ಪಕ್ಕ ಹಿಡಿದಳು,
ಓರೆ ಮಾಡಿದಳು, ಮತ್ತೆ ನೋಡಿದಳು.
"ಹೆಬ್ಬೆರಳು ಕೊಯ್ದದ್ದು ಎಲ್ಲೋಯ್ತು?"

ಕಂಪ್ಯೂಟರಿನಲ್ಲಿ ಅಳಿಸುತ್ತಾರೆ ಎಂದೆ.
ಆ ಬಾಯಲ್ಲೇ ಬೆಲೆಯನ್ನೂ ಹೇಳಿಬಿಟ್ಟೆ,
ಒಂದು ಸೊನ್ನೆಯನ್ನೂ ನುಂಗದೆ,
ಮಂಗಳವಾರದ ಸಂಗತಿಯನ್ನೂ.
ಬೈಯಲಿ ಎಂದು ಕಾದೆ.
ಅವಳು ಕೊಳ್ಳಿಯನ್ನು ಒಲೆಯ ಒಳಕ್ಕೆ ನೂಕಿ ಕೇಳಿದಳು:
"ನೀರಲ್ಲಿ ಮುಳುಗಿದ್ರೂ ನಡೀತದಾ ಅದು?"
ನೂರು ಅಡಿ ಆಳಕ್ಕೂ, ಎಂದೆ.
"ಅಷ್ಟಾದ್ರೂ ಇರ್ಲಿ," ಎಂದಳು ತುಳಸು.
"ನಂದು ಕುತ್ತಿಗೆಗೆ ಬಂದ್ರೆ ನಿಂತೇ ಹೋಗ್ತದೆ."