ತಡ

ಜೆಪ್ಪುವಿನ ಹಂಚಿನ ಕಾರ್ಖಾನೆಯ ತಂಡದಲ್ಲಿ
ಚೆಂಡಿಗೆ ಗಾಳಿ ತುಂಬುವ ಹುಡುಗ ನಾನು.
ಸುಣ್ಣ ದುಬಾರಿ. ಒಡೆದ ಹಂಚು ಕುಟ್ಟಿ
ಕೆಂಪು ಪುಡಿಯಲ್ಲೇ ಗೆರೆ ಎಳೆಯುತ್ತಿದ್ದೆವು.
ಮಳೆ ಹನಿದರೆ ಗೆರೆಯೆಲ್ಲ ಕಾಲಿಗೆ.

ಯುದ್ಧ ಮೊದಲು ಬಂದದ್ದು ಬ್ಲಾಡರಿಗೆ.
ರಬ್ಬರೆಲ್ಲ ಮಿಲಿಟರಿ ಲಾರಿಗೆ ಹೋಯಿತು ಅಂದರು.
ಸೈಕಲ್ಲಿನ ತೇಪೆ, ತೇಪೆಯ ಮೇಲೊಂದು ತೇಪೆ,
ಚೆಂಡು ಒಂದೇ ಕಡೆ ವಾಲಿ ಉರುಳುತ್ತಿತ್ತು
ಶೇಂದಿ ಕುಡಿದವರ ಹಾಗೆ.

ಆಮೇಲೆ ಆಟಗಾರರಿಗೆ.
ರೈಟ್ ಔಟ್ ದೂಮಪ್ಪ ಬಸ್ರಾದಲ್ಲಿ ಲಾರಿ ಓಡಿಸಲು,
ಸೆಂಟರ್ ಹಾಫ್ ಮೋನಬ್ಬ ಯಾವುದೋ ಹಡಗಿಗೆ,
ಗೋಲು ಕಾಯುವ ಬೊನಿಪಾಸ್ ಬರ್ಮಾ ಗಡಿಗೆ.
ಎಂಟು ತಂಡದ ಲೀಗು ಐದಾಯಿತು, ಮೂರಾಯಿತು.
ಕಾರ್ಯದರ್ಶಿ ಸಂಕಪ್ಪ ಮೇಸ್ತ್ರಿ ಮಾತ್ರ
ಶನಿವಾರ ಶನಿವಾರ ಹನ್ನೊಂದು ಹೆಸರೂ ಬರೆದು
ಇಲ್ಲದವರ ಮುಂದೆ 'ತಡ' ಎಂದು ಹಾಕಿ
ಏಳು ಜನರನ್ನು ಇಳಿಸುತ್ತಿದ್ದ, ಸೋಲಲು.

'ಗೈರು ಅಂತ ಬರೆಯಬಾರದಾ?' ಕೇಳಿದೆ.
'ಪಂಪು ಹೊಡಿ ನೀನು' ಅಂದ.
ಮರುವಾರ ದೂಮಪ್ಪನ ಜಾಗದಲ್ಲಿ ನಾನೇ ನಿಂತೆ.
ಪುಸ್ತಕದಲ್ಲಿ ಅವನೇ.

ಬೊನಿಪಾಸ್ ತಿರುಗಿ ಬಂದ. ಎರಡೂ ಕೈ ಇದ್ದವು;
ನಾವೆಲ್ಲ ಮೊದಲು ನೋಡಿದ್ದು ಅದನ್ನೇ.
ಪಂದ್ಯದ ದಿನ ರೆಫರಿ ಸೀಟಿ ಊದಿದ್ದೇ ತಡ
ಗೋಲಿನೊಳಗೆ ಬೋರಲು ಬಿದ್ದ,
ಕೈ ತಲೆಯ ಮೇಲೆ, ಬಾಯಿ ಮಣ್ಣಿಗೆ.
ಚೆಂಡು ಇನ್ನೂ ನಡುಗೆರೆಯಲ್ಲಿತ್ತು.

ಯಾರೋ ನಕ್ಕರು. ನಕ್ಕು ನಿಲ್ಲಿಸಿದರು.
ಎದುರು ತಂಡದ ನಾಯಕ, ಬಂದರಿನ ಹಮಾಲಿ,
ಹೋಗಿ ಎಬ್ಬಿಸಿ ಅಂಗಿಯ ಕೆಂಪು ಕೊಡವಿದ.
ಏನು ಮಾತಾಯಿತೋ. ರೆಫರಿ ಸೀಟಿಯನ್ನು
ಕಿಸೆಗೆ ಹಾಕಿ ಕರವಸ್ತ್ರ ತೆಗೆದ.

ಆ ವರ್ಷವಿಡೀ ಹಾಗೆಯೇ.
ಫೌಲಿಗೆ ಒಂದು ಸಲ, ಗೋಲಿಗೆ ಎರಡು ಸಲ ಬೀಸುವುದು.
ಕಾಣದವನು ಓಡುತ್ತಲೇ ಇರುತ್ತಿದ್ದ,
ಕಂಡವನು ಅಂಗಿ ಹಿಡಿದು ನಿಲ್ಲಿಸುತ್ತಿದ್ದ.
ಮೈದಾನದಲ್ಲಿ ಬರೀ ಬರಿಗಾಲಿನ ಸದ್ದು,
ಆಚೆ ನೇತ್ರಾವತಿಯಲ್ಲಿ ಮಂಜಿಯವರ ಕೂಗು.

ಕೊನೆಯ ಪಂದ್ಯ ಮುಗಿದದ್ದು ಮಾತ್ರ ಗೊತ್ತಾಗಲಿಲ್ಲ.
ದೀಪ ಹಚ್ಚುವಂತಿಲ್ಲ ಆಗ. ಕಪ್ಪಾಗಿತ್ತು.
ಬಹಳ ಹೊತ್ತು ಬೀಸಿದನಂತೆ ರೆಫರಿ;
ಬೆವರು ಒರೆಸಿ ಒರೆಸಿ ಆ ಬಟ್ಟೆಯೂ
ಹಂಚಿನ ಬಣ್ಣಕ್ಕೆ ತಿರುಗಿತ್ತು.
ನಾವು ಆಡುತ್ತಲೇ ಇದ್ದೆವು.
ಕಾಲಿಗೆ ಸಿಕ್ಕಿದ್ದನ್ನು, ಯಾರೂ ಕಾಣದೆ,
ಹಿಂದಕ್ಕೆ ಒದ್ದೆ ನಾನು.
ಕತ್ತಲೊಳಗಿಂದ ಬೊನಿಪಾಸನ ದನಿ:
'ಹಿಡಿದೆ ಮಾರಾಯ. ಇಲ್ಲುಂಟು.
ಯಾರಿಗೆ ಕೊಡುವುದು?'