ಉಪ್ಪಿನ ಬಯಲಲ್ಲಿ ದಾಗು

ನಮ್ಮ ಅಫಾರರಲ್ಲಿ ಇಬ್ಬರು ಎದುರಾದರೆ
ಮೊದಲು ಕೂರುತ್ತಾರೆ.
ಯಾವ ಬಾವಿ ಬತ್ತಿತು, ಯಾರ ಒಂಟೆ ಈಯಿತು,
ಯಾರು ತೀರಿಕೊಂಡರು,
ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು
ಬಿಡಿಸಿ ಹೇಳಬೇಕು. ಇದು ದಾಗು.
ಸುಳ್ಳು ಬೆರೆಸಿದವನ ಜೊತೆ ಮತ್ತೆ ಯಾರೂ ಕೂರುವುದಿಲ್ಲ.

ತಲೆಯೊಳಗೂ, ಹುಬ್ಬುಗಳ ಹಿಂದೆ ಆಳದಲ್ಲಿ,
ಅಂಥದೊಂದು ಪುಟ್ಟ ಕಟ್ಟೆಯಿದೆ.
ಹಾದುಹೋಗುವ ರಕ್ತವನ್ನು ಕರೆದು ಕೇಳುತ್ತದೆ:
ಉಪ್ಪೆಷ್ಟು? ನೀರೆಷ್ಟು?
ನೂರಕ್ಕೆ ಎರಡು ಪಾಲು ಏರುಪೇರಾದರೆ ಸಾಕು
ನಾಲಿಗೆ ಅಂಗುಳಕ್ಕೆ ಅಂಟುತ್ತದೆ,
ಓಲೆಕಾರನೊಬ್ಬ ಮೂತ್ರಪಿಂಡದ ಕಡೆ ಓಡುತ್ತಾನೆ:
ಬಾಗಿಲು ಹಾಕು, ಹನಿಯೂ ಪೋಲಾಗಬಾರದು.

ಬೆರಹಿಲೆಯ ತರಬೇತಿಯಲ್ಲಿ ಇದನ್ನೆಲ್ಲ
ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ.
ಅಸಾಲೆಯ ಬಯಲಲ್ಲಿ ಕಣ್ಣಾರೆ ಕಂಡೆ.

ಕಡಾಫೊಗೆ ಹದಿನೇಳು, ಉಪ್ಪು ಕಡಿಯಲು ಬಂದ ಮೊದಲ ದಿನ.
ಬಿಸಿಲು ನೆತ್ತಿಗೇರುವ ಮೊದಲೇ ಎಪ್ಪತ್ತು ಗಟ್ಟಿ ಕೆತ್ತಿದ.
ಕುಡಿ ಕುಡಿ ಎಂದರು ಎಲ್ಲರೂ.
ಕುಡಿದ, ಬಾಯಾರಿಕೆ ತೀರಿದ ಮೇಲೂ ಕುಡಿದ,
ಹಳದಿ ಡಬ್ಬ ಬರಿದಾಗುವ ತನಕ.
ಬೆವರು ಒಣಗಿ ಅಂಗಿಯ ಬೆನ್ನ ಮೇಲೆ
ಬಿಳಿ ನಕ್ಷೆ ಬರೆದಿತ್ತು.
ಮಧ್ಯಾಹ್ನ ವಾಂತಿ. ತಲೆ ಹಿಡಿದು ಕುಸಿದ.
ನಿನ್ನ ತಾಯಿಯ ಹೆಸರೇನು ಎಂದೆ.
ಒಂಟೆಯ ಹೆಸರು ಹೇಳಿದ.

ಇನ್ನಷ್ಟು ನೀರು ತನ್ನಿ ಎಂದು ಯಾರೋ ಕೂಗಿದರು.
ನಾನು ಡಬ್ಬ ಕಸಿದುಕೊಂಡೆ.
ಬಿದ್ದವನ ನೀರು ಕಸಿಯುವ ಹೆಣ್ಣು ಎಂದು ಬೈದರು,
ಅದೂ ದಾಗುವಿನಲ್ಲಿ ಸೇರಿ ಊರೂರು ಸುತ್ತಲಿ.
ಅವನ ರಕ್ತ ತೆಳ್ಳಗಾಗಿತ್ತು. ಆದರೂ
ಕಾದ ಮೈ, ದಣಿವು, ಓಕರಿಕೆಗೆ ಹೆದರಿದ ಕಟ್ಟೆ
ಓಲೆಕಾರನನ್ನು ಓಡಿಸುತ್ತಲೇ ಇತ್ತು:
ಹಿಡಿದಿಡು, ಹಿಡಿದಿಡು.

ಹುಮೆದ್ ಮಾಮ ಮಾತಾಡಲಿಲ್ಲ.
ಗಟ್ಟಿಯೊಂದರ ಅಂಚು ಮುರಿದು ಅಂಗೈಯಲ್ಲಿ ಪುಡಿಮಾಡಿ
ಮಾಂಸದ ಸಾರಿನ ಬಟ್ಟಲಿಗೆ ಉದುರಿಸಿದ.
ಕಣ್ಣು ಹಾಯುವಷ್ಟು ದೂರ ಉಪ್ಪೇ ಉಪ್ಪು,
ಹುಡುಗನಿಗೆ ಕೊರತೆಯಾದದ್ದೂ ಅದೇ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ನಿಜ.
ಆ ಮಾತಿಗೊಂದು ಬೆನ್ನೂ ಇದೆ, ಯಾರೂ ತಿರುಗಿಸಿ ನೋಡುವುದಿಲ್ಲ:
ನೀರು ಕುಡಿದವನೂ ಉಪ್ಪು ತಿನ್ನಬೇಕು.

ಸಂಜೆಗೆ ಎದ್ದ. ಒಂಟೆಗಳ ಹಿಂದೆ ಹೋಗಿ
ಬಹಳ ಹೊತ್ತು ಉಚ್ಚೆ ಹೊಯ್ದ.
ಸದ್ದು ನಿಲ್ಲದ್ದಕ್ಕೆ ಎಲ್ಲರೂ ನಕ್ಕರು.
ನಾನೊಬ್ಬಳೇ ಅಳುತ್ತಿದ್ದೆ ಅನಿಸುತ್ತದೆ.
ಓಲೆಕಾರ ಮನೆಗೆ ಮರಳಿದ್ದ.

ಬೆಳಗಿನ ಜಾವ ತಾನಾಗಿ ಕೇಳಿದ: ಬಾಯಾರಿಕೆ.
ಒಂದು ಲೋಟ ಕೊಟ್ಟೆ.
ನಾಲ್ಕು ಗುಟುಕಿಗೇ ಅವನ ಮುಖ ಸಡಿಲಾಯಿತು.
ಆ ನೀರು ಇನ್ನೂ ಹೊಟ್ಟೆಯಲ್ಲೇ ಇತ್ತು,
ರಕ್ತ ಸೇರಲು ಹೊತ್ತು ಬೇಕು.
ಗಂಟಲು ಮುಂಚೆಯೇ ಸುದ್ದಿ ಮುಟ್ಟಿಸಿತ್ತು: ಬರುತ್ತಿದೆ.
ಕಂಡದ್ದಲ್ಲ, ಕೇಳಿದ್ದು ಮಾತ್ರ.
ಕಟ್ಟೆ ನಂಬಿತು.