ನೀರು ಬಂತು

ಶ್ರೀರಾಮಪುರದ ನಮ್ಮ ವಠಾರ. ಒಂಬತ್ತು ಮನೆ, ಅಂಗಳಕ್ಕೊಂದು ನಲ್ಲಿ.
ನೀರು ದಿನ ಬಿಟ್ಟು ದಿನ,
ರಾತ್ರಿ ಎರಡಕ್ಕೋ ನಾಲ್ಕಕ್ಕೋ, ಅದರಿಷ್ಟ.
ನಲವತ್ತು ನಿಮಿಷ ಹರಿದು, ಗೊರಗೊರ ಅಂದು ನಿಲ್ಲುತ್ತದೆ.

ಮೊದಲೆಲ್ಲ ಮುನಿಲಕ್ಷ್ಮಮ್ಮ ಕೂಗುತ್ತಿದ್ದರು.
ನಲ್ಲಿಗೆ ಎರಡೇ ಮಾರು ಅವರ ಹೊಸ್ತಿಲು.
"ಬಂತ್ರೋ, ಏಳ್ರೋ!"
ಒಂದೇ ಕೂಗಿಗೆ ಒಂಬತ್ತು ದೀಪ, ಇಪ್ಪತ್ತೇಳು ಕೊಡ.
ಶ್ರಾವಣದಲ್ಲಿ, ಕಿದ್ವಾಯಿಯಲ್ಲಿ, ಗಂಟಲಿಗೆ ಕತ್ತರಿ ಬಿತ್ತು.
ಮನೆಗೆ ಅವರು ಬಂದರು, ದನಿ ಅಲ್ಲೇ ಉಳಿಯಿತು.

ಆಮೇಲೆ ಎರಡು ವಾರ ನಾವೆಲ್ಲ
ಹತ್ತು ನಿಮಿಷಕ್ಕೊಬ್ಬರು ಎದ್ದು ನಲ್ಲಿ ತಿರುಗಿಸಿ ನೋಡಿದೆವು.
ಬಂತಾ? ಇಲ್ಲ. ಬಂತಾ? ಇಲ್ಲ. ಬಂತಾ?
ಬರೀ ಗಾಳಿ.
ಇದಕ್ಕೆ ಪೋಲಿಂಗ್ ಅನ್ನುತ್ತಾರೆಂದು ಗೊತ್ತಾದದ್ದು
ನಾನು ಕೂರುವ ಜೆರಾಕ್ಸ್ ಅಂಗಡಿಯಲ್ಲಿ,
ಯಾರೋ ಬಿಟ್ಟುಹೋದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ.
ನಲವತ್ತೆಂಟು ಪುಟ. ಸ್ಪೈರಲ್ ನಾನೇ ಹಾಕಿದ್ದು.

ಅಂಗಡಿಯ ಹಳೇ ಲ್ಯಾಪ್‌ಟಾಪಿಗೆ ಸೆಮಿಕೋಲನ್ ಕೀಲಿಯಿಲ್ಲ.
ಜಾವಾಸ್ಕ್ರಿಪ್ಟ್ ಕ್ಷಮಿಸಿತು, ಅದು ಉದಾರಿ.
ಕೋಲನ್ ಬೇಕಾದಾಗ ಮಾತ್ರ ಬೇರೆ ಸಾಲಿಂದ
ಕಡ ತಂದು ಅಂಟಿಸುತ್ತಿದ್ದೆ, ಪಕ್ಕದ ಮನೆಯ ಸಕ್ಕರೆಯಂತೆ.

ಮಾಮೂಲಿ ವೆಬ್ಬು ಬ್ಯಾಂಕಿನ ಕಿಟಕಿ,
ಕೇಳು, ಉತ್ತರ ತಗೋ, ನಡಿ.
ಸಾಕೆಟ್ ಹಾಗಲ್ಲ. ಒಮ್ಮೆ ತೆರೆದ ಕದಕ್ಕೆ
ರುಬ್ಬುಗುಂಡು ಒತ್ತಿಟ್ಟು, ಒಳಗಿಂದ ಆಗಾಗ ಕೇಳುತ್ತದೆ
ಇದ್ದೀಯಾ?
ಇದ್ದೀನಿ.
ಇದ್ದೀಯಾ?
ಉತ್ತರ ಬರದಿದ್ದರೆ ಹೆಸರು ಅಳಿಸುತ್ತದೆ, ದುಃಖವಿಲ್ಲದೆ.

ಮೊದಲ ರಾತ್ರಿಯೇ ಎಡವಟ್ಟು.
ಸಂಪರ್ಕ ಕಡಿದು ಕೂಡಿದಾಗಲೆಲ್ಲ
ಹೊಸ ಕಿವಿಯೊಂದನ್ನು ಹಚ್ಚುತ್ತಿದ್ದೆ, ಹಳೆಯದನ್ನು ತೆಗೆಯದೆ.
ಟೈಲರ್ ಖಲೀಲ್ ಸಾಹೇಬರ ಫೋನಿಗೆ ಐದು ಕಿವಿ.
ನೀರು ಬಂತು ನೀರು ಬಂತು ನೀರು ಬಂತು
ನೀರು ಬಂತು ನೀರು ಬಂತು.
ಅವರು ಐದು ಸಲವೂ ಓಡಿದರೆಂದು
ಅವರ ಮನೆಯವರು ಇವತ್ತಿಗೂ ಹೇಳುತ್ತಾರೆ.

ಮಾತು ಉಳಿಸಿಡಲು ಎಲ್ಲೂ ಜಾಗ ಮಾಡಿರಲಿಲ್ಲ.
ಸರ್ವರ್ ಮತ್ತೆ ಹೊತ್ತಿಸಿದರೆ ಎಲ್ಲ ಮರೆವು.
ಸರದಿ ಯಾರದೆಂದು ವೇದಾವತಿ ಟೀಚರೂ ಮಹಡಿಯ ರೊಸಾಲಿನಾನೂ
ನೂರಾ ಹನ್ನೆರಡು ಸಾಲು ಕಿತ್ತಾಡಿದ ರಾತ್ರಿ
ಬೇಕೆಂದೇ ಆರಿಸಿ ಹೊತ್ತಿಸಿದೆ.
ಬೆಳಿಗ್ಗೆ ಇಬ್ಬರಿಗೂ ಸಾಕ್ಷಿ ಸಿಗಲಿಲ್ಲ.

ಒಂದು ಮಾತ್ರ ತಾಳೆಯಾಗಲಿಲ್ಲ.
ಫೋನಿಂದ ಫೋನಿಗೆ ನಲವತ್ತು ಮಿಲಿಸೆಕೆಂಡು,
ರೆಪ್ಪೆ ಬಡಿಯುವುದಕ್ಕೂ ಮುಂಚೆ.
ಆದರೂ ನಾವು ಕೊಡ ಹಿಡಿದು ಬರುವಷ್ಟರಲ್ಲಿ
ನಲ್ಲಿಯ ಕೆಳಗಿನ ಕಲ್ಲು ಆಗಲೇ ಒದ್ದೆ.
ಎಲ್ಲೋ ಹೊತ್ತು ಸೋರುತ್ತಿತ್ತು.
ಕೋಡಿನ ಹೆಜ್ಜೆಹೆಜ್ಜೆಗೂ ಗಂಟೆ ಬರೆಸಿ ನೋಡಿದೆ, ಎಲ್ಲ ಸರಿ.
ಕೊನೆಗೊಂದು ರಾತ್ರಿ ಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತೆ.

ಮೂರು ಐವತ್ತೆರಡು. ನಲ್ಲಿ ಕೆಮ್ಮಿತು.
ಮುನಿಲಕ್ಷ್ಮಮ್ಮ ಬಂದರು, ಬರಿಗಾಲಲ್ಲಿ.
ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ, ಸದ್ದಾಗದ ಹಾಗೆ
ಒಂದು ಕೊಡ ತುಂಬಿಸಿದರು. ಎರಡು.
ಆಮೇಲೆ ಆ ಹಳೇ ಪೇಂಟಿನ ಡಬ್ಬ.
ಬಟ್ಟೆ ಬಿಚ್ಚಿ, ಸೆರಗಿಗೆ ಕೈ ಒರೆಸಿ, ಫೋನು ತೆಗೆದರು.
ನನ್ನ ತೆರೆಯಲ್ಲಿ ಮೂರು ಚುಕ್ಕಿ ಕುಣಿದವು,
ಮುನಿಲಕ್ಷ್ಮಮ್ಮ ಬರೆಯುತ್ತಿದ್ದಾರೆ.
ಮೂರು ಐವತ್ತಾರು.

ಒಂಬತ್ತು ಮನೆಯಲ್ಲಿ ಟಿಣ್. ಮೆಟ್ಟಿಲ ಮೇಲೂ ಟಿಣ್.
ತಿರುಗಿ ನೋಡಿದರು. ಗಂಟಲ ಪಟ್ಟಿ ಮುಟ್ಟಿಕೊಂಡು ನಕ್ಕರು,
ಭುಜ ಮಾತ್ರ ಅಲುಗುವ ನಗು.
ಕೂಗುತ್ತಿದ್ದ ಕಾಲದಲ್ಲೂ ಹೀಗೇ ಇದ್ದಿರಬೇಕು.
ಎರಡು ಕೊಡ, ಒಂದು ಡಬ್ಬ, ಆಮೇಲೆ ಲೋಕ.
ಎಚ್ಚರ ಕಾಯುವವಳ ಕೂಲಿ.

ಮರುದಿನ ಕೋಡು ತೆರೆದು
ಎರಡು ಓರೆಗೆರೆ ಎಳೆದು
ಯಂತ್ರ ಓದದ ಒಂದು ಸಾಲು ಸೇರಿಸಿದೆ:

// ಇಲ್ಲಿ ನಾಲ್ಕು ನಿಮಿಷ ತಡ. ಸರಿಯಾಗಿದೆ. ಮುಟ್ಟಬೇಡಿ